ಮ್ಯೂಸಿಕ್ ಪ್ರೊಡಕ್ಷನ್ ಕಲಿಯಲು ಸಾಲ ಮಾಡಿ ಕೋರ್ಸ್ ಸೇರಬೇಕೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ. ಕೀಬೋರ್ಡ್ ಯಾರೂ ಹೇಳಿಕೊಟ್ಟದ್ದಲ್ಲ, ನುಡಿಸುತ್ತ ನುಡಿಸುತ್ತ ಕೈಗೆ ಹತ್ತಿದ್ದು. ಮೂರು ವರ್ಷಗಳಿಂದ ನಮ್ಮ ಮಹಡಿಯ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಚಾನೆಲ್‌ಗಳ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್ ಮತ್ತು ಒಂದು ಜೊತೆ ಚಿಕ್ಕ ಸ್ಪೀಕರ್ ಇಟ್ಟುಕೊಂಡು ಹಾಡುಗಳನ್ನು ಸಿದ್ಧಪಡಿಸುತ್ತಿದ್ದೇನೆ. ಊರಿನ ಗಾಯಕಿಯೊಬ್ಬರ ಮೂರು ಭಾವಗೀತೆ, ಗೆಳೆಯರ ಎರಡು ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ, ಒಂದು ದೇವಸ್ಥಾನದವರಿಗಾಗಿ ಎಂಟು ಭಕ್ತಿಗೀತೆ, ಇಷ್ಟು ಕೆಲಸ ಈವರೆಗೆ ಆಗಿದೆ. ಎಲ್ಲ ಸೇರಿ ಕೈಗೆ ಬಂದ ಹಣ 38,000 ರೂಪಾಯಿ.

ಈಗ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಒಂದು ವರ್ಷದ ಮ್ಯೂಸಿಕ್ ಪ್ರೊಡಕ್ಷನ್ ಡಿಪ್ಲೊಮಾಗೆ ಸೀಟು ಸಿಕ್ಕಿದೆ. ಶುಲ್ಕ 4.6 ಲಕ್ಷ ರೂಪಾಯಿ; ಪಿಜಿಯಲ್ಲಿ ಇರುವ ಖರ್ಚು, ಊಟ, ಓಡಾಟ ಎಲ್ಲ ಸೇರಿದರೆ ಆರು ಲಕ್ಷ ದಾಟುತ್ತದೆ. ನಮ್ಮ ತಂದೆ ಸಾರಿಗೆ ಸಂಸ್ಥೆಯಲ್ಲಿ ಬಸ್ ಚಾಲಕರು, ನಿವೃತ್ತಿಗೆ ಇನ್ನು ಆರು ವರ್ಷ ಇದೆ. "ನಿನಗೆ ಬೇಕೇ ಬೇಕು ಅನ್ನಿಸಿದರೆ ಹೇಳು, ಸಾಲ ಮಾಡೋಣ" ಎಂದು ಒಂದೇ ಮಾತಿನಲ್ಲಿ ಹೇಳಿ ಡ್ಯೂಟಿಗೆ ಹೋದರು. ಅವರು ಬೇಡ ಎಂದಿದ್ದರೆ ಹಟ ಹಿಡಿಯುತ್ತಿದ್ದೆನೋ ಏನೋ, ಒಪ್ಪಿಕೊಂಡದ್ದರಿಂದ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ನನ್ನ ಕೊರತೆ ಏನೆಂಬುದು ನನಗೆ ಗೊತ್ತಿದೆ. ನನ್ನ ಕೋಣೆಯಲ್ಲಿ ಚೆನ್ನಾಗಿ ಕೇಳಿಸುವ ಹಾಡು ಮಾವನ ಕಾರಿನಲ್ಲಿ ಹಾಕಿದರೆ ಬಾಸ್ (ತಗ್ಗಿನ ಸ್ವರಗಳು) ಗುಮ್ಮೆನ್ನುತ್ತ ಸಾಹಿತ್ಯವನ್ನೇ ಮುಚ್ಚಿಬಿಡುತ್ತದೆ. ಯೂಟ್ಯೂಬಿನಲ್ಲಿ ನೂರಾರು ಪಾಠಗಳನ್ನು ನೋಡಿದ್ದೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ಯಾರ ಮಾತು ನನ್ನ ಹಾಡಿಗೆ ಹೊಂದುತ್ತದೆ ಎಂದು ತೀರ್ಮಾನಿಸಲು ನನಗೆ ಆಧಾರವಿಲ್ಲ. ಈ ವೃತ್ತಿಯಲ್ಲಿ ಇರುವವರು ದಯವಿಟ್ಟು ಹೇಳಿ: ಇದಕ್ಕೆ ಕಾಲೇಜಿನ ಕಲಿಕೆ ನಿಜಕ್ಕೂ ಬೇಕೇ? ಡಿಪ್ಲೊಮಾ ಇಲ್ಲದವನಿಗೆ ಯಾರಾದರೂ ಕೆಲಸ ಕೊಡುತ್ತಾರೆಯೇ?

ಹಳೆಯಟೇಪು

ನಾನು ಬೆಂಗಳೂರಿನಲ್ಲಿ 24 ವರ್ಷಗಳಿಂದ ಧ್ವನಿಮುದ್ರಣ ಮತ್ತು ಮಿಕ್ಸಿಂಗ್, ಅಂದರೆ ಬಿಡಿಯಾಗಿ ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡುತ್ತಿದ್ದೇನೆ. ಈ ವಿದ್ಯೆಯ ಯಾವ ಪ್ರಮಾಣಪತ್ರವೂ ನನ್ನ ಬಳಿ ಇಲ್ಲ. ಇಷ್ಟು ವರ್ಷಗಳಲ್ಲಿ ಸಂಗೀತ ನಿರ್ದೇಶಕರಾಗಲಿ, ಆಡಿಯೊ ಕಂಪನಿಯವರಾಗಲಿ ಅದನ್ನು ಕೇಳಿದ್ದೂ ಇಲ್ಲ. ಹಿಂದೆ ಮಾಡಿದ ಹಾಡು ಕೇಳಿಸಿ ಎನ್ನುತ್ತಾರೆ, ಎರಡು ನಿಮಿಷ ಕೇಳುತ್ತಾರೆ, ಅಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸುಲಭ: ಡಿಪ್ಲೊಮಾ ಇಲ್ಲದವರಿಗೂ ಕೆಲಸ ಕೊಡುತ್ತಾರೆ. ಕುಂದಾಪುರ ತಾಲ್ಲೂಕಿನ ಬಸ್ರೂರಿನಲ್ಲಿ, ಕುಲುಮೆ ಕೆಲಸದ ಮನೆತನದಿಂದ ಬಂದ ರವಿ ಬಸ್ರೂರು ಅವರು ತಮ್ಮ ಊರಿನಲ್ಲೇ ಸ್ಟುಡಿಯೊ ಕಟ್ಟಿಕೊಂಡು ದೇಶವೆಲ್ಲ ಕೇಳುವ ಸಂಗೀತ ಮಾಡುತ್ತಿರುವುದು ನಮ್ಮ ಕಣ್ಣೆದುರಿಗೇ ಇದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಾನು ಕಾಲೇಜಿಗೆ ಹೋಗಲಿಲ್ಲ ನಿಜ, ಕಲಿಯದೆ ಬಂದವನಲ್ಲ. ಸ್ಟುಡಿಯೊ ಸೇರಿದ ಮೊದಲ ವರ್ಷ ಕೇಬಲ್ ಸುತ್ತುವುದು, ಮೈಕ್ ಸ್ಟ್ಯಾಂಡ್ ಹೊರುವುದು, ಬಂದ ಕಲಾವಿದರಿಗೆ ಕಾಫಿ ತರುವುದು ನನ್ನ ಕೆಲಸವಾಗಿತ್ತು. ಎರಡನೇ ವರ್ಷ ಮೈಕ್ ಇಡಲು ಬಿಟ್ಟರು. ಹಿರಿಯ ಇಂಜಿನಿಯರ್ ಬಂದು, ನಾನು ಇಟ್ಟ ಮೈಕನ್ನು ಒಂದು ಗೇಣು ಆಚೆ ಸರಿಸಿ, ಹೆಡ್‌ಫೋನ್ ನನ್ನ ಕಿವಿಗೇ ಹಾಕಿ, "ಈಗ ಕೇಳು" ಎನ್ನುತ್ತಿದ್ದರು. ಏಕೆ ಎಂದು ಅವರು ವಿವರಿಸುತ್ತಿರಲಿಲ್ಲ, ಕೇಳಿಸಿದರೆ ಸಾಕಿತ್ತು. ಐದು ವರ್ಷ ಹೀಗೆ ಕಳೆದ ಮೇಲೆ ನನ್ನ ಕೈಗೆ ಪೂರ್ತಿ ಒಂದು ಹಾಡು ಬಂತು. ಇಳಯರಾಜ ಅವರು ಸ್ವತಂತ್ರವಾಗಿ ಹೆಸರು ಮಾಡುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. ಧನರಾಜ್ ಮಾಸ್ಟರ್ ಎಂಬ ಗುರುಗಳ ಬಳಿ ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಕಲಿತವರು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆಯನ್ನೂ ಮುಗಿಸಿದವರು. "ದೊಡ್ಡವರು ಯಾರೂ ಓದಿ ಬಂದವರಲ್ಲ" ಎಂದು ಹೇಳುವವರು ಇಂಥ ವಿವರಗಳನ್ನು ಬಿಟ್ಟು ಹೇಳುತ್ತಾರೆ.

ನಾನು ಹತ್ತಿ ಬಂದ ಏಣಿ ಈಗ ಹಾಗೆ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಒಂದು ಹಾಡಿನ ಮುದ್ರಣವೆಂದರೆ ಪಿಟೀಲಿನವರು, ತಬಲಾದವರು, ಕೋರಸ್‌ನವರು ಎಲ್ಲ ಸೇರುತ್ತಿದ್ದರು, ಆದ್ದರಿಂದ ನನ್ನಂಥ ಇಬ್ಬರು ಹುಡುಗರು ಬೇಕಾಗುತ್ತಿತ್ತು. ಈಗ ಸಂಗೀತ ನಿರ್ದೇಶಕರ ಮನೆಯಲ್ಲೇ ಮುಕ್ಕಾಲು ಹಾಡು ಸಿದ್ಧವಾಗಿ, ಗಾಯಕರ ಧ್ವನಿಗೆ ಮಾತ್ರ ಎರಡು ಗಂಟೆ ಸ್ಟುಡಿಯೊ ಹಿಡಿಯುತ್ತಾರೆ. ಆ ಎರಡು ಗಂಟೆಗೆ ಸಹಾಯಕ ಬೇಕಿಲ್ಲ. "ಕೋರ್ಸ್ ಬೇಡ, ಯಾರದಾದರೂ ಕೈಕೆಳಗೆ ಕೆಲಸಕ್ಕೆ ಸೇರಿಕೋ" ಎನ್ನುವ ನನ್ನ ತಲೆಮಾರಿನವರು ಆ ಕೆಲಸ ಈಗ ಎಷ್ಟು ಕಡೆ ಇದೆ ಎಂದು ಎಣಿಸಿ ನೋಡುವುದಿಲ್ಲ. ಒಳ್ಳೆಯ ಶಿಕ್ಷಣ ಸಂಸ್ಥೆ ಆ ಐದು ವರ್ಷಗಳನ್ನು ಒಂದೆರಡು ವರ್ಷಕ್ಕೆ ಇಳಿಸಿ ಕೊಡಬಲ್ಲದು, ಕೊಡಲೂಬೇಕು.

ಕಲಿಯದೆ ಹೋದದ್ದರ ಬೆಲೆ ಎಷ್ಟೆಂದು ತಿಳಿಯಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. 2003ರಲ್ಲಿ ಒಂದು ಚಿತ್ರದ ಹಾಡನ್ನು ನಾನು 44.1 ಕಿಲೊಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತಾರೆ ಎಂಬ ಲೆಕ್ಕ) ಮುದ್ರಿಸಿ ಕಳುಹಿಸಿದ್ದೆ. ಅದು ಸಿ.ಡಿ.ಗೆ ಸರಿಯಾದ ಲೆಕ್ಕ, ಆದರೆ ಚಿತ್ರದ ಕೆಲಸ ನಡೆಯುವುದು 48ರಲ್ಲಿ. ಅತ್ತ ಕಡೆಯವರು ಫೈಲನ್ನು ಪರಿವರ್ತಿಸದೆ ಹಾಗೆಯೇ 48ರಲ್ಲಿ ಓಡಿಸಿದರು. ನಾಲ್ಕೂವರೆ ನಿಮಿಷದ ಹಾಡು 22 ಸೆಕೆಂಡ್ ಮೊದಲೇ ಮುಗಿಯಿತು. ಐದು ಕಟ್ಟೆಗೆ ಹಾಡಿದ್ದ ಗಾಯಕಿಯ ಶ್ರುತಿ ಐದೂವರೆಯನ್ನೂ ದಾಟಿ ಮೇಲೆ ಹೋಗಿತ್ತು. ಆ ಲಯಕ್ಕೆ ನೃತ್ಯದ ಚಿತ್ರೀಕರಣವೂ ನಡೆದುಹೋಗಿತ್ತು. ಫೈಲಿನ ಮೇಲೆ ರೇಟ್ ಬರೆದು ಕಳುಹಿಸಬೇಕೆಂಬುದು ಯಾವುದೇ ಕೋರ್ಸಿನಲ್ಲಿ ಮೊದಲ ವಾರದ ಪಾಠ. ನನಗೆ ಅದು ಗೊತ್ತಾದದ್ದು ನಿರ್ಮಾಪಕರ ಎದುರು ತಲೆ ತಗ್ಗಿಸಿ ನಿಂತಾಗ. ಅದಾದ ಮೇಲೆ ಆರು ತಿಂಗಳು ಆ ತಂಡದಿಂದ ನನಗೆ ಕರೆ ಬರಲಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು: ಕಲಿಕೆ ಬೇಕೇ ಬೇಕು, ಆದರೆ ನಿಮ್ಮ ತಂದೆಯವರು ಆರು ಲಕ್ಷ ಸಾಲ ಮಾಡುವಷ್ಟು ಬೆಲೆ ಈ ನಿರ್ದಿಷ್ಟ ಕೋರ್ಸಿಗೆ ಇದೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡದೆ ಒಪ್ಪಬೇಡಿ.

ಮಂದ್ರಸ್ಥಾಯಿ

ತುಂಗಾತೀರ ಅವರೇ, ನಾನು ಧ್ವನಿ ವಿಭಾಗದಲ್ಲಿ ಕ್ರಮಬದ್ಧವಾಗಿ ಓದಿದವಳು, ಈಗ ಕಲಿಸುತ್ತಲೂ ಇದ್ದೇನೆ. ಅದಕ್ಕೂ ಮೊದಲು ಒಂದು ಖಾಸಗಿ ಸಂಸ್ಥೆಯಲ್ಲಿ ಒಂದು ವರ್ಷ ಮತ್ತು ನನ್ನ ಅಮ್ಮನ ಎರಡು ಬಳೆಗಳನ್ನು ಕಳೆದುಕೊಂಡೆ. ಆದ್ದರಿಂದ ಎರಡೂ ಕಡೆಯ ಅನುಭವ ನನಗಿದೆ.

ಮೊದಲು ನಿಮ್ಮ ಕಾರಿನ ಬಾಸ್ ವಿಷಯ. ಕೋಣೆಯ ಉದ್ದ, ಅಗಲ, ಎತ್ತರ ಎಷ್ಟು? ನೀವು ಕೂರುವುದು ಎಲ್ಲಿ? ಗೋಡೆಗೆ ಏನು ಅಂಟಿಸಿದ್ದೀರಿ? ಇದಕ್ಕೆ ಉತ್ತರ ಬರೆಯಿರಿ, ಬಾಸ್ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದಾಗಿ, ನೀವು ಒಂದೇ ಹೆಸರಿನಲ್ಲಿ ಎರಡು ವೃತ್ತಿಗಳನ್ನು ಕೇಳುತ್ತಿದ್ದೀರಿ. ಚಲನಚಿತ್ರದ ಧ್ವನಿ, ಅಂದರೆ ಚಿತ್ರೀಕರಣದ ಸ್ಥಳದಲ್ಲಿ ಮುದ್ರಣ, ಧ್ವನಿ ವಿನ್ಯಾಸ, ಪ್ರಸಾರ ಇವೆಲ್ಲ ಒಂದು ದಾರಿ. ಇಲ್ಲಿ ಓದಿದವರಿಗೆ ನಿಜವಾದ ಅನುಕೂಲವಿದೆ ಮತ್ತು ಒಳ್ಳೆಯ ಸರ್ಕಾರಿ ಸಂಸ್ಥೆಗಳೂ ಇವೆ. ನಮ್ಮ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ; ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಧ್ವನಿಮುದ್ರಣದ ಡಿಪ್ಲೊಮಾ ಇದೆ. ಅದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು ಕಲಿತದ್ದು ಅಲ್ಲಿಯೇ. ಪದವಿ ಮುಗಿಸಿದವರಿಗೆ ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ (ಎಫ್‌ಟಿಐಐ) ಮತ್ತು ಕೋಲ್ಕತ್ತದ ಸತ್ಯಜಿತ್ ರೇ ಚಲನಚಿತ್ರ ಸಂಸ್ಥೆಗಳಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಸಿಗುತ್ತದೆ. 2009ರಲ್ಲಿ ಧ್ವನಿಮಿಶ್ರಣಕ್ಕೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಪುಣೆಯಲ್ಲಿ ಓದಿದವರು. ಬಿ.ಕಾಂ. ಮುಗಿದ ಮೇಲೆ ಅರ್ಹತೆಯ ನಿಯಮ ನೋಡಿಕೊಂಡು ನೀವೂ ಆ ಪರೀಕ್ಷೆಗೆ ಪ್ರಯತ್ನಿಸಬಹುದು. ಆದರೆ ಅಲ್ಲಿ ಕಲಿಸುವುದು ಸಿನಿಮಾದ ಧ್ವನಿಯನ್ನು. ನಿಮಗೆ ಬೇಕಾಗಿರುವುದು ರಾಗ ಹಾಕುವುದು, ವಾದ್ಯ ಜೋಡಿಸುವುದು, ಪ್ರೋಗ್ರಾಮಿಂಗ್ (ವಾದ್ಯಗಳ ಭಾಗವನ್ನು ಕಂಪ್ಯೂಟರಿನಲ್ಲಿ ರೂಪಿಸುವುದು), ಮುದ್ರಣ, ಮಿಕ್ಸ್. ಎ.ಆರ್. ರೆಹಮಾನ್ ಅವರು 2008ರಲ್ಲಿ ಚೆನ್ನೈನಲ್ಲಿ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಆರಂಭಿಸಿದ ಮೇಲೆ ದಕ್ಷಿಣದಲ್ಲಿ ಈ ಎರಡನೆಯ ದಾರಿಗೂ ಒಂದು ಶಾಲೆಯ ರೂಪ ಬಂತು. ತಮ್ಮ ಮನೆಯಂಗಳದ ಸ್ಟುಡಿಯೊದಲ್ಲೇ ಬೆಳೆದ ಕಲಾವಿದರು ಶಾಲೆಯನ್ನು ಕಟ್ಟಲು ಮುಂದಾದದ್ದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ.

ನಾನು ಮೊದಲು ಸೇರಿದ ಸಂಸ್ಥೆಯ ಬಗ್ಗೆ ಹೇಳುತ್ತೇನೆ. ಪ್ರವೇಶದ ದಿನ ದೊಡ್ಡ ಕನ್ಸೋಲ್ (ಧ್ವನಿ ಬೆರೆಸುವ ಮೇಜು) ಇರುವ ಕೋಣೆಯನ್ನು ತೋರಿಸಿದರು. ಇಡೀ ವರ್ಷದಲ್ಲಿ ಆ ಕನ್ಸೋಲಿನ ಮುಂದೆ ನಾನು ಒಬ್ಬಳೇ ಕುಳಿತದ್ದು ಒಂಬತ್ತು ಗಂಟೆ. ನಾವು 26 ಜನ ಇದ್ದೆವು. ಉಳಿದ ಸಮಯವೆಲ್ಲ ಸಾಫ್ಟ್‌ವೇರಿನ ಯಾವ ಮೆನುವಿನಲ್ಲಿ ಏನಿದೆ ಎಂಬ ಪಾಠ, ಅದು ಕೈಪಿಡಿಯಲ್ಲೇ ಇರುವಂಥದ್ದು. ನಾನು ಮಾಡಿದ ಮಿಕ್ಸನ್ನು ಯಾರೂ ಕೂತು ಪೂರ್ತಿ ಕೇಳಲಿಲ್ಲ. ಅಂಕ ಮಾತ್ರ ಬಂತು.

ಆಮೇಲೆ ಓದಿದ ಕಡೆ ಸಲಕರಣೆ ಹಳೆಯದಾಗಿತ್ತು, ಆದರೆ ನಮ್ಮ ಮೇಷ್ಟ್ರು ಒಂದು ಮಧ್ಯಾಹ್ನ ಮೃದಂಗದ ಮುದ್ರಣ ಇಟ್ಟುಕೊಂಡರು. ಬಲ ಮುಖಕ್ಕೆ ಒಂದು, ಎಡ ಮುಖಕ್ಕೆ ಒಂದು, ಎರಡು ಮೈಕ್. ಒಂದೊಂದನ್ನೇ ಕೇಳಿದರೆ ಎರಡೂ ಚೆನ್ನಾಗಿತ್ತು; ಎರಡನ್ನೂ ಸೇರಿಸಿದರೆ ಎಡಗಡೆಯ ಗುಂಕಾರವೇ ಬತ್ತಿಹೋಯಿತು. ನಾವೆಲ್ಲ ತಗ್ಗು, ಹೆಚ್ಚಿನ ಸ್ವರಗಳನ್ನು ಏರಿಳಿಸುವ ಈಕ್ವಲೈಜರ್ ಕಡೆ ಕೈ ಹಾಕಿದೆವು. ಮೇಷ್ಟ್ರು ತಡೆದು, ಒಂದು ಮೈಕಿನ ಪೊಲಾರಿಟಿ ಗುಂಡಿ, ಅಂದರೆ ಅದರ ಸಂಕೇತವನ್ನು ತಿರುಗುಮುರುಗು ಮಾಡುವ ಗುಂಡಿ, ಒತ್ತಿದರು. ಗುಂಕಾರ ಮರಳಿ ಬಂತು. ಎಡ ಮುಖವನ್ನು ಬಡಿದಾಗ ಆ ಚರ್ಮ ಒಳಕ್ಕೆ ಹೋಗುತ್ತದೆ, ಒಳಗಿನ ಗಾಳಿ ಬಲ ಮುಖವನ್ನು ಹೊರಕ್ಕೆ ತಳ್ಳುತ್ತದೆ. ಒಂದು ಮೈಕಿಗೆ ಎಳೆತ, ಇನ್ನೊಂದಕ್ಕೆ ತಳ್ಳುವಿಕೆ, ಎರಡೂ ಕೂಡಿದಾಗ ಒಂದನ್ನೊಂದು ಅಳಿಸುತ್ತವೆ. ಈ ವಿವರಣೆ ಪುಸ್ತಕದಲ್ಲಿ ಸಿಗುತ್ತದೆ. ಬತ್ತಿದ್ದು ಮರಳಿ ಬಂದದ್ದನ್ನು ಒಳ್ಳೆಯ ಸ್ಪೀಕರ್‌ನಲ್ಲಿ, ಒಳ್ಳೆಯ ಕೋಣೆಯಲ್ಲಿ ಕಿವಿಯಾರೆ ಕೇಳಿದ ಮೇಲೆ ಆ ವಿವರಣೆಯನ್ನು ಮರೆಯಲು ಸಾಧ್ಯವೇ ಇಲ್ಲ. ಶುಲ್ಕ ಕೊಡುವುದು ಅಂಥ ಮಧ್ಯಾಹ್ನಗಳಿಗೆ. ಅವು ಎಷ್ಟು ಸಿಗುತ್ತವೆ ಎಂಬುದನ್ನು ಬಿಟ್ಟರೆ, ಯಂತ್ರಗಳ ಪಟ್ಟಿ, ಹೊರದೇಶದ ವಿಶ್ವವಿದ್ಯಾಲಯದ ಮುದ್ರೆ, ಪ್ಲೇಸ್‌ಮೆಂಟ್ ಎಂಬ ಮಾತು ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಣ ಕಟ್ಟುವ ಮೊದಲು ಒಂದು ದಿನ ತರಗತಿಯಲ್ಲಿ ಕೂರಲು ಬಿಡಿ ಎಂದು ಕೇಳಿ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಸ್ಟುಡಿಯೊ ಎಂದು ಬರಹದಲ್ಲಿ ಕೇಳಿ. ಹೋದ ವರ್ಷ ಮುಗಿಸಿದವರಲ್ಲಿ ಇಬ್ಬರ ಜೊತೆ, ಸಂಸ್ಥೆಯವರು ಆರಿಸಿಕೊಟ್ಟವರನ್ನು ಬಿಟ್ಟು, ಮಾತನಾಡಿ.

ಇನ್ನೊಂದು ಮಾತು. ನೀವು ಸೀನಿಯರ್ ಮುಗಿಸಿದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅದೂ ಕ್ರಮಬದ್ಧ ಶಿಕ್ಷಣವೇ, ಮತ್ತು ಸ್ಟುಡಿಯೊಗಳಲ್ಲಿ ಸಾಫ್ಟ್‌ವೇರ್ ಬಲ್ಲವರಿಗಿಂತ ಅಪರೂಪವಾದದ್ದು. ಶ್ರುತಿ ತಿದ್ದುವ ಸಾಫ್ಟ್‌ವೇರ್ ಗಾಯಕಿಯ ಗಾಂಧಾರದ ಕಂಪಿತವನ್ನು ತಪ್ಪೆಂದು ತಿಳಿದು ನೇರ ಗೆರೆಯಾಗಿ ಎಳೆದಾಗ, ಅದು ಗಮಕ, ಅದನ್ನು ಮುಟ್ಟಬಾರದು ಎಂದು ಗೊತ್ತಿರುವವರು ಕಡಿಮೆ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಸಂಗೀತದ ಓದನ್ನೇ ಮುಂದುವರಿಸುವ ದಾರಿಯೂ ಇದೆ. ವಿದ್ವತ್ ಪರೀಕ್ಷೆ ಕಟ್ಟುವುದು, ನನ್ನ ದೃಷ್ಟಿಯಲ್ಲಿ, ಈ ವೃತ್ತಿಗೆ ಅತಿ ಕಡಿಮೆ ಖರ್ಚಿನ ಉತ್ತಮ ತಯಾರಿ.

ತುಂಗಾತೀರ

ಹಳೆಯಟೇಪು ಸರ್, ಮಂದ್ರಸ್ಥಾಯಿ ಮೇಡಂ, ಇಬ್ಬರಿಗೂ ಧನ್ಯವಾದ. ಕೋಣೆ 10 ಅಡಿ ಉದ್ದ, 10 ಅಡಿ ಅಗಲ, ಎತ್ತರ 9 ಅಡಿ. ನಾನು ಸರಿಯಾಗಿ ಮಧ್ಯದಲ್ಲಿ ಕೂರುತ್ತೇನೆ, ಎಲ್ಲ ಗೋಡೆಯೂ ಸಮದೂರದಲ್ಲಿದ್ದರೆ ಒಳ್ಳೆಯದೆಂದು ಅಂದುಕೊಂಡಿದ್ದೆ. ಗೋಡೆಗೆ ಮೊಟ್ಟೆಯ ಟ್ರೇ ಮತ್ತು ಒಂದಿಂಚಿನ ಫೋಮ್ ಅಂಟಿಸಿದ್ದೇನೆ.

ಮಂದ್ರಸ್ಥಾಯಿ

ಉತ್ತರ ಅಲ್ಲೇ ಇದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 1,125 ಅಡಿ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ, ಅಂದರೆ 20ರಿಂದ, ಅದನ್ನು ಭಾಗಿಸಿ: 56 ಹರ್ಟ್ಸ್. ನಿಮ್ಮ ಕೋಣೆ ಆ ಸ್ವರಕ್ಕೆ ಅನುರಣಿಸುತ್ತದೆ. ಉದ್ದ ಅಗಲ ಎರಡೂ ಸಮ ಇರುವುದರಿಂದ ಅದೇ ಸ್ವರ ಇಮ್ಮಡಿಯಾಗಿ ಕೂಡುತ್ತದೆ; ಎತ್ತರದ ಲೆಕ್ಕ ಹಾಕಿದರೆ 62, ಅದೂ ಪಕ್ಕದಲ್ಲೇ ಇದೆ. ಈ ಅನುರಣನ ಗೋಡೆಯ ಬಳಿ ಅತಿ ಜೋರು, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಶೂನ್ಯ. ನೀವು ಕೂತಿರುವುದು ಆ ಶೂನ್ಯದಲ್ಲಿ. ಬಾಸ್ ಕೇಳಿಸುತ್ತಿಲ್ಲವೆಂದು ಏರಿಸುತ್ತೀರಿ, ಏರಿಸಿದ್ದೆಲ್ಲ ನಿಮ್ಮ ಮಾವನ ಕಾರಿನಲ್ಲಿ ಹೊರಬೀಳುತ್ತದೆ. ಗಾಯಕಿಯದೂ ತಪ್ಪಿಲ್ಲ, ನಿಮ್ಮ ಕಿವಿಯದೂ ತಪ್ಪಿಲ್ಲ.

ಕುರ್ಚಿ ಮತ್ತು ಸ್ಪೀಕರ್‌ಗಳನ್ನು ಮುಂದಕ್ಕೆ ಸರಿಸಿ, ನಿಮ್ಮ ತಲೆ ಮುಂದಿನ ಗೋಡೆಯಿಂದ 3 ಅಡಿ 9 ಅಂಗುಲದ ಆಸುಪಾಸಿನಲ್ಲಿರಲಿ. ಮೊಟ್ಟೆಯ ಟ್ರೇ ತೆಗೆಯಿರಿ. 56 ಹರ್ಟ್ಸ್‌ನ ಅಲೆಯ ಉದ್ದ 20 ಅಡಿ, ಒಂದಿಂಚಿನ ಫೋಮ್ ಅದಕ್ಕೆ ಇದ್ದೂ ಇಲ್ಲದಂತೆ. ಮೂಲೆಗಳಲ್ಲಿ ನೆಲದಿಂದ ಮೇಲಿನವರೆಗೆ ದಪ್ಪನೆಯ ರಾಕ್‌ವೂಲ್ (ಕಲ್ಲಿನ ನಾರು) ಹಲಗೆಗಳನ್ನು ಬಟ್ಟೆ ಸುತ್ತಿ ನಿಲ್ಲಿಸಿ, ಕನಿಷ್ಠ ನಾಲ್ಕು ಇಂಚು, ಸಾಧ್ಯವಾದರೆ ಆರು. ಆಮೇಲೆ 40ರಿಂದ 120 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳನ್ನು ಒಂದೇ ಮಟ್ಟದಲ್ಲಿ ಒಂದೊಂದಾಗಿ ನುಡಿಸಿ, ಯಾವುದು ಮಾಯವಾಗುತ್ತದೆ, ಯಾವುದು ಉಬ್ಬುತ್ತದೆ ಎಂದು ಕುಳಿತಲ್ಲಿಯೇ ಗುರುತು ಹಾಕಿಕೊಳ್ಳಿ. ನೀವು ನೋಡಿದ ನೂರು ವಿಡಿಯೊಗಳಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಕೇಳಿಸಿದ್ದನ್ನು ಹೇಳುತ್ತಿದ್ದರು. ನಿಮ್ಮ ಕೋಣೆಯನ್ನು ಯಾರೂ ಕೇಳಿರಲಿಲ್ಲ. ನಿಮಗೆ ಬೇಕು ಎನ್ನಿಸುತ್ತಿದ್ದ ಆಧಾರ ಇದೇ. ಪಿಯುಸಿ ಭೌತಶಾಸ್ತ್ರದ ಪುಸ್ತಕದ ಅಲೆಗಳ ಅಧ್ಯಾಯದಿಂದ ಶುರು ಮಾಡಿ.

ಚಾರ್ಲ್ಸ್‌ನದಿ

ನಾನು ಹುಬ್ಬಳ್ಳಿಯವನು, ಅಮೆರಿಕದ ಬಾಸ್ಟನ್‌ನಲ್ಲಿ ಸಂಗೀತ ಓದಿ ಇಲ್ಲಿಯೇ ಉಳಿದಿದ್ದೇನೆ. ಹೊರದೇಶದ ಆಸೆಯೂ ಈ ಪ್ರಶ್ನೆಯ ಹಿಂದೆ ಇರಬಹುದೆಂದು ಬರೆಯುತ್ತಿದ್ದೇನೆ.

ಸಂಗೀತವನ್ನೂ ಧ್ವನಿಮುದ್ರಣವನ್ನೂ ಒಟ್ಟಿಗೆ ಕಲಿಸುವ ವಿಶ್ವವಿದ್ಯಾಲಯ ಮಟ್ಟದ ಓದು ಹೊಸದಲ್ಲ. ಜರ್ಮನಿಯ ಡೆಟ್ಮೋಲ್ಡ್‌ನಲ್ಲಿ 1949ರಲ್ಲೇ ಟೋನ್‌ಮೈಸ್ಟರ್ ಎಂಬ ಶಿಕ್ಷಣ ಶುರುವಾಯಿತು, ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ. ಅಲ್ಲಿಗೆ ಸೇರಲು ವಾದ್ಯವೂ ಬರಬೇಕು, ಗಣಿತ ಮತ್ತು ಭೌತಶಾಸ್ತ್ರವೂ ಬರಬೇಕು. ಅಂದರೆ ಸ್ವರಲಿಪಿ ನೋಡಿ ಪಿಟೀಲಿನವರು ಎಲ್ಲಿ ತಪ್ಪಿದರು ಎಂದು ಹೇಳಬಲ್ಲ ಇಂಜಿನಿಯರನ್ನು ಅವರು ತಯಾರು ಮಾಡುತ್ತಾರೆ. ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯಲ್ಲಿ ಪಿಯಾನೊ ಮತ್ತು ಓಬೊ ಕಲಿತವರು. ಅವರ ಜೊತೆ ಕೆಲಸ ಮಾಡಿದ ಧ್ವನಿ ಇಂಜಿನಿಯರ್ ಜೆಫ್ ಎಮೆರಿಕ್ ಹದಿಹರೆಯದಲ್ಲೇ ಸ್ಟುಡಿಯೊ ಸೇರಿ ಅಲ್ಲಿಯೇ ಕಲಿತವರು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಹಾಡುಗಳನ್ನು ಮಾಡಿದರು.

ನನ್ನ ಓದು ನನಗೆ ಕೊಟ್ಟದ್ದು ಬಹಳ: ವಾದ್ಯವೃಂದಕ್ಕೆ ಬರೆಯುವುದು, ಬೇರೆ ದೇಶದ ಸಂಗೀತಗಾರರ ಜೊತೆ ಮಾತೇ ಬೇಡದೆ ಕೆಲಸ ಮಾಡುವುದು, ಇಂದಿಗೂ ಕೆಲಸ ಕೊಡುವ ಗೆಳೆಯರು. ಆದರೆ ಇಲ್ಲಿನ ದೊಡ್ಡ ಸಂಗೀತ ಕಾಲೇಜುಗಳ ವಾರ್ಷಿಕ ಶುಲ್ಕ 40,000 ಡಾಲರ್‌ಗಿಂತ ಮೇಲಿದೆ. ನನಗೆ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿವೇತನ ಸಿಕ್ಕಿತ್ತು. ಉಳಿದದ್ದನ್ನು ತೀರಿಸಲು ಏಳು ವರ್ಷ ಹಿಡಿಯಿತು. ಆ ಏಳು ವರ್ಷ ನಾನು ಒಪ್ಪಿಕೊಂಡ ಕೆಲಸಗಳಲ್ಲಿ ಸಂಗೀತಕ್ಕಿಂತ ಕಂತು ಕಟ್ಟುವ ತುರ್ತೇ ಹೆಚ್ಚಾಗಿತ್ತು. ಇಪ್ಪತ್ತರ ಹರೆಯದಲ್ಲಿ, ಹಣ ಬರದ ಕೆಲಸವನ್ನೂ ಕಲಿಯಲೆಂದೇ ಒಪ್ಪಿಕೊಳ್ಳುವ ಸ್ವಾತಂತ್ರ್ಯ ಇರಬೇಕು. ಸಾಲ ಮೊದಲು ಕಿತ್ತುಕೊಳ್ಳುವುದು ಅದನ್ನು. ನನಗೆ ಇಂದಿಗೂ ಆ ನೋವಿದೆ, ಆದ್ದರಿಂದ ಹೇಳುತ್ತಿದ್ದೇನೆ.

ಎರಡು ಕಡೆ ಮಾತ್ರ ಪದವಿ ಇಲ್ಲದೆ ನಡೆಯುವುದಿಲ್ಲ: ಕಾಲೇಜಿನಲ್ಲಿ ಕಲಿಸುವುದಕ್ಕೆ ಮತ್ತು ಹೊರದೇಶದಲ್ಲಿ ಮುಂದೆ ಓದುವುದಕ್ಕೆ. ನಿಮ್ಮ ಬಿ.ಕಾಂ. ಅನ್ನು ದಯವಿಟ್ಟು ಅರ್ಧಕ್ಕೆ ಬಿಡಬೇಡಿ.

ಸಾಲುಗೆರೆ

ನಾನು ಗೀತರಚನೆ ಮಾಡುವವಳು. ಯಾವ ಕೋರ್ಸಿನಲ್ಲೂ ಸಾಕಷ್ಟು ಹೇಳಿಕೊಡದ ಒಂದು ವಿಷಯವನ್ನು ಸೇರಿಸುತ್ತೇನೆ. ನಾವು ಮ್ಯೂಸಿಕ್ ಪ್ರೊಡ್ಯೂಸರ್ ಎನ್ನುವವರು ನಮ್ಮ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಪ್ರೊಡ್ಯೂಸರ್ ಅಲ್ಲ. 1957ರ ಆ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ನಿರ್ಮಾಪಕ ಎಂದರೆ ಅದನ್ನು ತಯಾರಿಸುವ ಉಪಕ್ರಮ ಮತ್ತು ಹೊಣೆ ಹೊತ್ತವರು, ಅಂದರೆ ಸಾಮಾನ್ಯವಾಗಿ ಹಣ ಹಾಕಿದ ಕಂಪನಿ; ಮುದ್ರಿಕೆಯ ಮೇಲೆ 60 ವರ್ಷಗಳ ಹಕ್ಕು ಅವರದು. 2012ರ ತಿದ್ದುಪಡಿ ಬಂದ ಮೇಲೆ ಗೀತರಚನಕಾರರು ಮತ್ತು ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ಸಲ್ಲುವುದಿಲ್ಲ; ವಾರಸುದಾರರಿಗೆ ಅಥವಾ ಹಕ್ಕು ಸಂಗ್ರಹಿಸುವ ಸಂಘಕ್ಕೆ ಮಾತ್ರ ಕೊಡಬಹುದು. ಪ್ರೋಗ್ರಾಮಿಂಗ್ ಮಾಡಿದವರಿಗೆ, ಮಿಕ್ಸ್ ಮಾಡಿದವರಿಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ. ಅವರಿಗೆ ಏನಿದ್ದರೂ ಒಪ್ಪಂದದಲ್ಲಿ ಬರೆಸಿಕೊಂಡದ್ದೇ. ತುಂಗಾತೀರ ಅವರೇ, ಆ ಎಂಟು ಭಕ್ತಿಗೀತೆಗಳಿಗೆ ರಾಗ ಹಾಕಿದವರು ನೀವೇ ಆಗಿದ್ದರೆ ಸಂಗೀತ ಸಂಯೋಜಕರೆಂದು ಕಾಗದದಲ್ಲಿ ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಈಗಲೇ ಸೇರಿಸಲು ಕೇಳಿ. ರಾಯಧನ ಸಂಗ್ರಹಿಸಿ ಹಂಚುವ ಸಂಘವಾದ ಐ.ಪಿ.ಆರ್.ಎಸ್.ನಲ್ಲಿ ಸದಸ್ಯತ್ವ ಪಡೆಯುವುದಕ್ಕೆ ಯಾವ ಡಿಪ್ಲೊಮಾವೂ ಬೇಕಿಲ್ಲ.

ತುಂಗಾತೀರ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಸ್ವರಗಳನ್ನು ನುಡಿಸಿ ನೋಡಿದೆ. ಮೊದಲು ಕೂರುತ್ತಿದ್ದ ಜಾಗದಲ್ಲಿ 55ರಿಂದ 58ರವರೆಗೆ ಸ್ಪೀಕರ್ ನಿಂತೇಹೋಯಿತೇನೋ ಎನ್ನಿಸಿತು. ಎದ್ದು ಗೋಡೆಯ ಹತ್ತಿರ ಹೋದರೆ ಅದೇ ಸ್ವರ ಎದೆಗೆ ತಟ್ಟುತ್ತಿತ್ತು. ಕುರ್ಚಿ ಸರಿಸಿದ್ದೇನೆ, ರಾಕ್‌ವೂಲ್ ತರಿಸಿದ್ದೇನೆ, ಬಡಗಿಯವರು ಚೌಕಟ್ಟು ಮಾಡಿಕೊಡುತ್ತಿದ್ದಾರೆ. ಒಂದು ಭಾವಗೀತೆಯನ್ನು ಮತ್ತೆ ಮಿಕ್ಸ್ ಮಾಡಿ ಕಾರಿನಲ್ಲಿ ಹಾಕಿದೆ. ಮಾವ ಮೊದಲ ಸಲ ಸಾಹಿತ್ಯ ಯಾರದ್ದು ಎಂದು ಕೇಳಿದರು.

ಸಂಸ್ಥೆಗೂ ಹೋಗಿಬಂದೆ. ತರಗತಿಯಲ್ಲಿ ಕೂರಲು ಬಿಡಲಿಲ್ಲ. ಒಬ್ಬರಿಗೆ ಎಷ್ಟು ಗಂಟೆ ಸ್ಟುಡಿಯೊ ಎಂದು ಬರಹದಲ್ಲಿ ಕೊಡುವ ಪದ್ಧತಿ ಇಲ್ಲವೆಂದರು. ಈ ವರ್ಷ ಸೇರುವುದಿಲ್ಲ ಎಂದು ತಂದೆಗೆ ಹೇಳಿದ್ದೇನೆ. ಪರೀಕ್ಷೆ ಮುಗಿಸಿ ಪುಣೆಯ ಪ್ರವೇಶ ಪರೀಕ್ಷೆಗೆ ಓದುವುದೋ, ವಿದ್ವತ್ ಕಟ್ಟುವುದೋ ಇನ್ನೂ ನಿರ್ಧರಿಸಿಲ್ಲ. ಆದರೆ ನನ್ನ ಮಿಕ್ಸನ್ನು ಕೂತು ಪೂರ್ತಿ ಕೇಳಿ ತಪ್ಪು ಹೇಳುವವರು ಶಿವಮೊಗ್ಗದಲ್ಲಿ ನನಗೆ ಯಾರೂ ಇಲ್ಲ. ಅದೊಂದು ಕೊರತೆಯನ್ನು ಕೋಣೆ ಸರಿಪಡಿಸಿ ತುಂಬಿಸಿಕೊಳ್ಳಲಾಗುವುದಿಲ್ಲ.

ಹಳೆಯಟೇಪು

ಪರೀಕ್ಷೆ ಮುಗಿದ ಮೇಲೆ ಬೆಂಗಳೂರಿಗೆ ಬನ್ನಿ. ಮಂಗಳವಾರಗಳಂದು ನಮ್ಮ ಸ್ಟುಡಿಯೊ ಮಧ್ಯಾಹ್ನದ ನಂತರ ಖಾಲಿ ಇರುತ್ತದೆ, ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಭಕ್ತಿಗೀತೆಗಳಲ್ಲಿ ನಿಮಗೆ ಅತಿ ಕಷ್ಟವಾದದ್ದನ್ನು ತನ್ನಿ, ಮಿಕ್ಸ್ ಆದದ್ದನ್ನಲ್ಲ, ಬಿಡಿ ಟ್ರ್ಯಾಕ್‌ಗಳನ್ನು. ಎಲ್ಲವೂ ಒಂದೇ ಜಾಗದಿಂದ ಶುರುವಾಗುವ ವೇವ್ ಫೈಲ್ ಆಗಿರಲಿ, ಯಾವುದಕ್ಕೂ ಎಫೆಕ್ಟ್ ಬೇಡ. ಫೋಲ್ಡರಿನ ಹೆಸರಿನಲ್ಲಿ ಸ್ಯಾಂಪಲ್ ರೇಟ್ ಬರೆದಿರಿ.